ನಲವತ್ತು ಕಂಬಳಿ, ಒಂದು ನುಸಿ

ನರಗುಂದದ ಒಂದು ಬಟ್ಟೆ ಕಂಪನಿಯ ಖರೀದಿ ಮ್ಯಾನೇಜರ್ ಗಜೇಂದ್ರಗಡದ ನಮ್ಮ ಮನೆಗೆ ಬಂದಾಗ ಅವನ ಒಂದು ಕೈಯಲ್ಲಿ ಸ್ಟೀಲ್ ಡಬ್ಬಿ, ಇನ್ನೊಂದರಲ್ಲಿ ಟೈಪ್ ಮಾಡಿದ ಕಾಗದ. ಡಬ್ಬಿಯೊಳಗೆ ಹತ್ತಾರು ಸತ್ತ ಪತಂಗಗಳು, ಅಂಗೈಯಗಲದ ಕರಿ ಕಂಬಳಿಯ ತುಂಡು. ಕಾಗದದಲ್ಲಿ ಇಂಗ್ಲಿಷಿನ ಒಂದೇ ವಾಕ್ಯ. ಮಾಲಿಗೆ ನುಸಿ ಹತ್ತಿದ್ದು ಅದು ತಯಾರಾದ ಜಾಗದಲ್ಲೇ ಎಂದು ಅದರ ಅರ್ಥ. ಕೆಳಗೆ ನನ್ನ ಹೆಸರು, ಸಹಿಗೊಂದು ಗೆರೆ.

"ಒಂದು ಸೈನ್ ಮಾಡಿದ್ರ ಮುಗೀತು ಮೇಡಂ. ನಿಮಗ್ಯಾಕ ಹೆಚ್ಚಿನ ತ್ರಾಸು?"

ಮ್ಯೂಸಿಯಮ್ಮಿನಲ್ಲಿ ಹಳೆಯ ಬಟ್ಟೆಗಳನ್ನು ಹುಳದಿಂದ ಕಾಯುವುದು ನನ್ನ ಕೆಲಸವಾಗಿತ್ತು. ರಿಟೈರ್ ಆದ ಮೇಲೂ ಮೈಕ್ರೋಸ್ಕೋಪು ನನ್ನ ಜೊತೆಗೇ ಬಂದಿದೆ. ಅದು ಅವನಿಗೆ ಹೇಗೋ ಗೊತ್ತಾಗಿತ್ತು. ಆದರೆ ತೀರ್ಪು ಮೊದಲೇ ಟೈಪಾಗಿ ಬಂದರೆ ನನಗೆ ಆಗುವುದಿಲ್ಲ. ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರು ಉತ್ತರ ಬರೆದ ಹುಡುಗಿಗೆ ಶಭಾಸ್ ಅನ್ನುವ ಮೊದಲು ರಫ್ ಶೀಟ್ ಕೇಳುತ್ತಿದ್ದರು. ಆ ರೋಗ ನನಗೆ ಅವರಿಂದಲೇ ಅಂಟಿದ್ದು. ಇವನ ರಫ್ ಶೀಟ್ ಎಲ್ಲಿ?

ರೋಣದಿಂದ ಸವಡಿಯ ಹಾದಿಯಲ್ಲಿರುವ ಒಂದು ಹಳ್ಳಿಯ ಕುರುಬ ಹೆಂಗಸರ ಸಂಘ ನೂತು ನೇಯಿಸಿದ ನಲವತ್ತು ಕಂಬಳಿಗಳು ನರಗುಂದದ ಅವನ ಗೋಡೌನಿನಲ್ಲಿದ್ದವು. ನಾನು ಸಹಿ ಹಾಕಿದರೆ ನಲವತ್ತೂ ವಾಪಸ್ಸು, ಸಂಘದ ಹೆಸರು ಅವನ ಲಿಸ್ಟಿನಿಂದ ಕಾಯಂ ಆಗಿ ಹೊರಗೆ. ಆ ಹೆಂಗಸರ ಕಳೆದ ವರ್ಷದ ಉಣ್ಣೆಯೆಲ್ಲ ಆ ನಲವತ್ತರಲ್ಲೇ ಹೋಗಿತ್ತು. ಬೇರೆ ಗಿರಾಕಿ ಅವರಿಗಿರಲಿಲ್ಲ.

"ಡಬ್ಬಿ ಇಟ್ಟು ಹೋಗಪ್ಪ. ಕಾಗದ ತೊಗೊಂಡು ಹೋಗು," ಅಂದೆ.

ಈ ಪತಂಗ ಜೋಳದ ಕಾಳಿಗಿಂತ ತುಸು ಉದ್ದ, ಅಷ್ಟೇ. ಬೂದುಗಂದು ರೆಕ್ಕೆಯ ಮೇಲೆ ಮೂರು ಮಸುಕು ಚುಕ್ಕಿ, ಹಣೆಯ ಮೇಲೆ ಬಾಚದ ಕೂದಲಿನಂಥ ಜುಂಗು. ದೀಪಕ್ಕೆ ಬಂದು ಬೀಳುವ ಜಾತಿಯಲ್ಲ. ಬೆಳಕು ಕಂಡರೆ ಮಡಿಕೆಯೊಳಗೆ ಓಡಿ ಅಡಗುತ್ತದೆ. ರೆಕ್ಕೆ ಬಂದ ಮೇಲೆ ಅದಕ್ಕೆ ಬಾಯೇ ಇಲ್ಲ ಅನ್ನಬೇಕು, ಏನನ್ನೂ ತಿನ್ನುವುದಿಲ್ಲ. ತಿಂದದ್ದೆಲ್ಲ ಮರಿಹುಳವಾಗಿದ್ದಾಗ. ಆ ಮರಿಹುಳ ತಾನು ತಿನ್ನುವ ಎಳೆಗಳನ್ನೇ ರೇಷ್ಮೆಯಲ್ಲಿ ಹೆಣೆದು ಅಕ್ಕಿಕಾಳಿನಂಥ ಒಂದು ಗೂಡು ಮಾಡಿಕೊಂಡು, ಅದನ್ನು ಮೈಮೇಲೆ ಹೊತ್ತೇ ತಿರುಗುತ್ತದೆ. ಬೆಳೆದಂತೆ ಗೂಡಿನ ಎರಡೂ ತುದಿಗೆ ಹೊಸ ಎಳೆ ಕೂಡಿಸುತ್ತದೆ. ಮೈ ಬಿಗಿಯಾದರೆ ಪಕ್ಕದಲ್ಲಿ ಸೀಳಿ, ನಮ್ಮ ಟೇಲರ್ ಬಗಲಿಗೆ ತುಂಡು ಕೂಡಿಸಿದಂತೆ ಒಂದು ಪಟ್ಟಿ ಹಚ್ಚಿಕೊಳ್ಳುತ್ತದೆ. ಅಂದರೆ ಗೂಡಿನ ನಡುಭಾಗ ಅದರ ಬಾಲ್ಯ, ತುದಿಗಳು ನಿನ್ನೆ ಮೊನ್ನೆಯವು. ಎಲ್ಲಿ ಹುಟ್ಟಿತು, ಆಮೇಲೆ ಎಲ್ಲಿಗೆ ಹೋಯಿತು ಎಂಬುದನ್ನು ಬಣ್ಣದಲ್ಲಿ ಓದಬಹುದು.

ಡಬ್ಬಿಯಲ್ಲಿ ಪತಂಗಗಳಿದ್ದವು. ಗೂಡು ಒಂದೂ ಇರಲಿಲ್ಲ. ಬೇಕಂತಲೇ ಬಿಟ್ಟಿದ್ದಾನೆಯೇ ಎಂಬ ಸಂಶಯ ಆಗಲೇ ಬಂತು.

ಮೊದಲು ಜಾತಿ ಗೊತ್ತಾಗಬೇಕಿತ್ತು. ಈ ಕುಲದಲ್ಲಿ ಹತ್ತಾರು ಜಾತಿಗಳು ಒಂದೇ ಅಂಗಡಿಯಲ್ಲಿ ಹೊಲಿಸಿದ ಯೂನಿಫಾರ್ಮ್ ಹಾಕಿದ ಹಾಗೆ ಕಾಣುತ್ತವೆ. ರೆಕ್ಕೆ ನೋಡಿ ಹೆಸರು ಹೇಳುವವರನ್ನು ನಂಬಬಾರದು. ಗಂಡಿನ ಹೊಟ್ಟೆಯನ್ನು ಬಿಡಿಸಿ, ಕಾಸ್ಟಿಕ್ ಪೊಟ್ಯಾಶ್ ದ್ರಾವಣದಲ್ಲಿ ಹಾಕಿ, ಬಿಸಿನೀರಿನ ಬಟ್ಟಲಲ್ಲಿಟ್ಟು ಮಾಂಸ ಕರಗಿಸಿ, ಉಳಿದ, ಹೆಣ್ಣನ್ನು ಹಿಡಿಯುವ ಸೂಜಿಮೊನೆಯಷ್ಟು ಕೊಂಡಿಗಳ ಆಕಾರ ನೋಡಬೇಕು. ಮೊದಲನೆಯದನ್ನು ಫೋರ್ಸೆಪ್ಸಿನಿಂದ ಎತ್ತುವಾಗ ಸೀನು ಬಂತು. ಅದು ಎಲ್ಲಿ ಹಾರಿತೋ ದೇವರೇ ಬಲ್ಲ, ಅರ್ಧ ಗಂಟೆ ನೆಲ ಒರೆಸಿದರೂ ಸಿಗಲಿಲ್ಲ. ಎರಡನೆಯದು ಸಿಕ್ಕಿತು. ಮನೆಮನೆಯಲ್ಲಿ ಕಾಣುವ ನುಸಿ ಎಂದು ನಾನು ಮನಸ್ಸಿನಲ್ಲಿ ಬರೆದುಕೊಂಡಿದ್ದೆ. ಅದಲ್ಲ. ಕೊಂಡಿಯ ತುದಿ ಸೀಳಿತ್ತು, ನಾನು ಕೆಲಸದಲ್ಲಿದ್ದಾಗ ಒಮ್ಮೆಯೂ ನೋಡದ ಆಕಾರ. ಅದಕ್ಕೆ ಹೆಸರು ಹೇಳುವ ಧೈರ್ಯ ನಾನು ಇವತ್ತಿಗೂ ಮಾಡಿಲ್ಲ. ಟಿನಿಯಾ ಕುಲದ್ದು, ಅಷ್ಟೇ ಗ್ಯಾರಂಟಿ.

ಎರಡು ದಿನ ಬಿಟ್ಟು, ಹೇಳದೆ ಕೇಳದೆ ನರಗುಂದಕ್ಕೆ ಹೋದೆ. ಮ್ಯಾನೇಜರ್‌ನ ಮುಖ ನೋಡುವಂತಿತ್ತು.

"ಫೋನ್ ಮಾಡಿ ಬರಬೇಕಿತ್ತು ಮೇಡಂ, ಕಾರ್ ಕಳಸ್ತಿದ್ದೆ."

"ಕಾರ್ ಕಳಸ್ತಿದ್ದಿ, ಕಸಾನೂ ಹೊಡಸ್ತಿದ್ದಿ," ಅಂದೆ.

ಗೋಡೌನಿನ ಮೇಲಿನ ಜಾಲಂದರಗಳಲ್ಲಿ ಪಾರಿವಾಳ ಗೂಡು ಕಟ್ಟಿದ್ದವು. ಕೆಳಗಿನ ಗೋಡೆಯ ಮೇಲೆ ಲೆನ್ಸ್ ಹಿಡಿದೆ. ಇದ್ದೇ ಇದ್ದವು ನುಸಿಯ ಗೂಡುಗಳು, ಬಿಳಿ ಬೂದು ಬಣ್ಣದವು, ಗರಿಯ ನವಿರು ಮತ್ತು ಸುಣ್ಣದ ಪುಡಿಯಿಂದ ಆದವು. ಹೆಂಗಸರ ಮೇಲೆ ಹಾಕಲು ಹೊರಟವನ ತಲೆಯ ಮೇಲೇ ನುಸಿಯ ಸಂಸಾರ! ಖುಷಿಯಾಯಿತೆಂದು ಒಪ್ಪಿಕೊಳ್ಳುತ್ತೇನೆ. ಹನ್ನೆರಡು ಗೂಡು, ಒಂದು ಜೀವಂತ ಗಂಡು ಪತಂಗ, ಎಲ್ಲ ಗಾಜಿನ ಟ್ಯೂಬಿಗೆ ಹಾಕಿ ಲೇಬಲ್ ಬರೆದೆ.

ಆಮೇಲೆ ಕಂಬಳಿಗಳನ್ನು ಬಿಚ್ಚಿಸಿದೆ. ಖುಷಿ ಇಳಿಯಿತು. ಕಂಬಳಿಯ ಮಡಿಕೆಯೊಳಗಿನ ಗೂಡುಗಳು ಬೂದು ಇರಲಿಲ್ಲ. ಎರಡೂ ತುದಿ ಕಪ್ಪು, ನಡುವೆ ಅಚ್ಚ ಹಳದಿಯ ಒಂದು ಪಟ್ಟಿ. ಪಾರಿವಾಳದ ಗರಿಯ ಸುಳಿವೇ ಇಲ್ಲ. ಇವು ಹುಟ್ಟಿದ್ದು ಹಳದಿಯಲ್ಲಿ, ಬೆಳೆದದ್ದು ಕಂಬಳಿಯ ಕಪ್ಪಿನಲ್ಲಿ.

ಮ್ಯಾನೇಜರ್ ಹೆಗಲ ಮೇಲಿಂದ ಇಣುಕಿದ. "ಹಳದಿ ಎಲ್ಲಿಂದ ಬಂತು ಗೊತ್ತೇನ್ರಿ? ಸಂತ್ಯಾಗ ಹಳೇ ಸ್ವೆಟರ್ ಮಾರ್ತಾರ. ಅದನ್ನ ಹರದು ಉಣ್ಣಿಗೆ ಕೂಡಸ್ತಾರ ಈ ಮಂದಿ. ನಾ ಮೊದಲಿಂದ ಹೇಳ್ತಿದ್ದೆ."

ಅವನ ಮಾತು ನನಗೆ ಹಿಡಿಸಲಿಲ್ಲ. ಆದರೆ ನನ್ನ ತಲೆಯಲ್ಲೂ ಬಂದದ್ದು ಅದೇ ಸ್ವೆಟರು.

ಮರುದಿನ ರೋಣಕ್ಕೆ ಹೋಗಿ, ಅಲ್ಲಿಂದ ಟಂಟಂ ಆಟೊ ಹಿಡಿದು ಹಳ್ಳಿ ಮುಟ್ಟಿದೆ. ಸಂಘದ ಅಧ್ಯಕ್ಷೆ ನಲವತ್ತರ ಆಸುಪಾಸಿನ ಗಟ್ಟಿ ಹೆಂಗಸು, ಕಟ್ಟೆಯ ಮೇಲೆ ಕೂತು ಉಣ್ಣೆ ನೂಲುತ್ತಿದ್ದಳು. ಜೊತೆಗೆ ಇನ್ನೂ ಐದಾರು ಮಂದಿ. ನಾನು ಬಂದ ಕಾರಣ ಹೇಳಿದಾಗ ರಾಟಿಗಳೆಲ್ಲ ನಿಂತವು.

"ನೀವು ಯಾರ ಕಡಿಯಾಕಿರಿ ಬಾಯಾರ? ಅವನ ಕಡಿಯಾಕ್ಯೋ, ನಮ್ಮ ಕಡಿಯಾಕ್ಯೋ?"

"ನುಸಿ ಕಡಿಯಾಕಿ," ಅಂದೆ.

ಒಬ್ಬಳು ಸೆರಗಿನಲ್ಲಿ ನಕ್ಕಳು. "ಮಂದಿಗಿ ಡಾಕ್ಟರ್ ಸಿಗವಲ್ಲರು, ಹುಳಕ್ಕ ಡಾಕ್ಟರ್ ಬಂದಾರ ನೋಡವಾ!"

ಅಧ್ಯಕ್ಷೆ ನಗಲಿಲ್ಲ. ಎದ್ದು ಎಲ್ಲ ತೋರಿಸಿದಳು. ಈ ಸಲ ಹೊಸದಾಗಿ ಕತ್ತರಿಸಿದ ಕುರಿಯ ಕರಿ ಉಣ್ಣೆಯ ಮೂಟೆ, ಹಿಂಜುವ ಬಿಲ್ಲು, ಲಡಿ ಸುತ್ತಿದ ನೂಲು, ನೆಲದ ಗುಂಡಿಯಲ್ಲಿ ಕಾಲಿಳಿಬಿಟ್ಟು ಅವಳ ಮಾವ ನೇಯುವ ಕುಣಿಮಗ್ಗ, ನೇಯ್ದ ಕಂಬಳಿಗೆ ಬಿಗಿ ಬರಲೆಂದು ಹಚ್ಚುವ ಹುಣಸೆಬೀಜದ ಗಂಜಿ. ಮೂಟೆಗೆ ಮೊಣಕೈವರೆಗೆ ಕೈ ಹಾಕಿ ನೋಡಿದೆ. ಗೂಡಿಲ್ಲ, ಹಳದಿ ಎಳೆಯಿಲ್ಲ. ಎಷ್ಟು ಕ್ಲೀನ್ ಅಂದರೆ, ನನಗೆ ಅದೇ ಸಂಶಯಕ್ಕೆ ಕಾರಣವಾಯಿತು.

ಪಡಸಾಲೆಯ ಮೂಲೆಯಲ್ಲಿ ಗಿಡ್ಡ ಬಾಗಿಲಿನ ಒಂದು ಖೋಲಿ ಇತ್ತು, ಚಿಲಕಕ್ಕೆ ಕೀಲಿ.

"ಅದು?"

"ಅದು ತಗಿಯೂದಿಲ್ರಿ."

"ಯಾಕ?"

"ತಗಿಯೂದಿಲ್ಲ ಅಂದ್ರ ತಗಿಯೂದಿಲ್ರಿ. ನಮ್ಮ ಮಾವಾರ ಕಡೆ ಕೀಲಿ ಐತಿ. ಅವರು ಇಲ್ಲ."

ಮಾವ ಕುಣಿಮಗ್ಗದ ಹತ್ತಿರವೇ ಕೂತಿದ್ದರು. ಎಂಬತ್ತು ದಾಟಿದ ಜೀವ, ತೆಳ್ಳಗೆ ನೆಟ್ಟಗೆ. ಅವರು ಇಲ್ಲವೆಂದು ಸೊಸೆ ಹೇಳಿದಾಗ ಅವರೂ ಇಲ್ಲದವರ ಹಾಗೆಯೇ ಕೂತರು. ಯಾರೂ ಚಹಾ ಬೇಕೇ ಎಂದು ಕೇಳಲಿಲ್ಲ. ಉತ್ತರ ಕರ್ನಾಟಕದ ಮನೆಯಲ್ಲಿ ಚಹಾ ಕೇಳಲಿಲ್ಲ ಅಂದರೆ ಏಳಿರಿ ಅಂತಲೇ ಅರ್ಥ. ಟಂಟಂನಲ್ಲಿ ಕೂತಾಗ ನನಗೆ ಖಾತ್ರಿಯಾಗಿತ್ತು, ಆ ಖೋಲಿಯ ತುಂಬ ಹಳೆಯ ಸ್ವೆಟರುಗಳಿವೆ. ಮ್ಯಾನೇಜರ್‌ನ ಕಾಗದಕ್ಕೆ ಸಹಿ ಹಾಕಬೇಕಾದೀತು ಎಂಬ ಬೇಸರ ಬೆಳವಣಿಕಿ ಕಡೆಯಿಂದ ಬೀಸುವ ಗಾಳಿಯ ಧೂಳಿನಂತೆ ಬಾಯೆಲ್ಲ ತುಂಬಿತ್ತು.

ಮನೆಗೆ ಬಂದು, ಸಹಿ ಹಾಕುವ ಮೊದಲು ಎಳೆಯೊಂದನ್ನಾದರೂ ಬಿಡಿಸಿ ನೋಡೋಣವೆಂದು ಹಳದಿ ಪಟ್ಟಿಯ ಗೂಡನ್ನು ಸ್ಲೈಡಿನ ಮೇಲಿಟ್ಟೆ. ಅಂಟು ಬಿಡಲೆಂದು ಪೊಟ್ಯಾಶಿನ ಒಂದು ಹನಿ ಹಾಕಿದೆ. ಕಣ್ಣೆದುರಿಗೇ ಹಳದಿಯೆಲ್ಲ ಇಟ್ಟಿಗೆಗೆಂಪಾಯಿತು.

ನಾನು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದೆ. ಸ್ವೆಟರಿನ ಬಣ್ಣ ಹಾಗೆ ತಿರುಗುವುದಿಲ್ಲ. ಪೊಟ್ಯಾಶೂ ಸುಣ್ಣದಂಥ ಕ್ಷಾರವೇ. ಸುಣ್ಣ ತಾಗಿದರೆ ಕೆಂಪಾಗುವ ಹಳದಿ ಯಾವುದೆಂದು ಆರತಿಯ ತಟ್ಟೆ ಕದಡಿದ ಯಾವ ಹೆಂಗಸಿಗೂ ಗೊತ್ತು. ಅದು ಅರಿಶಿನ. ಎಳೆ ಕುರಿಯ ಉಣ್ಣೆಯದೇ, ಆದರೆ ಎಷ್ಟೋ ವರ್ಷದ ಭಂಡಾರ, ಅಂದರೆ ದೇವರ ಅರಿಶಿನ, ಕುಡಿದು ಹಳದಿಯಾದದ್ದು. ಕುರುಬರ ಮನೆಯಲ್ಲಿ ಅಷ್ಟು ಭಂಡಾರ ಬೀಳುವ ಉಣ್ಣೆ ಒಂದೇ, ಕುಲದೈವ ಬೀರದೇವರ ಗದ್ದುಗೆಯ ಕಂಬಳಿ. ಆ ಖೋಲಿಗೆ ಕೀಲಿ ಹಾಕಿದ್ದು ಕಳ್ಳಮಾಲಿಗಲ್ಲ, ದೇವರಿಗೆ. ನನ್ನ ಬಗ್ಗೆ ನನಗೇ ನಾಚಿಕೆಯಾಯಿತು.

ಗೋಡೌನಿನ ಗೋಡೆಯಿಂದ ತಂದ ಗಂಡನ್ನೂ ಆವತ್ತೇ ಬಿಡಿಸಿದೆ. ಡಬ್ಬಿಯದರಂತೆ ಅದರ ಕೊಂಡಿ ಸೀಳಿರಲಿಲ್ಲ. ಎರಡು ಬೇರೆ ಬೇರೆ ಜಾತಿ. ಪಾರಿವಾಳದವು ಪಾರಿವಾಳದವೇ, ಕಂಬಳಿಯವು ಹಳ್ಳಿಯಿಂದಲೇ ಬಂದವು.

ಮತ್ತೆ ಹೋದೆ. ಈ ಸಲ ಅಧ್ಯಕ್ಷೆಯನ್ನು ಒಬ್ಬಳನ್ನೇ ಕೂರಿಸಿಕೊಂಡು ಲೆನ್ಸ್ ಕೈಗೆ ಕೊಟ್ಟು ಗೂಡು ತೋರಿಸಿದೆ. ನಡುವಿನ ಹಳದಿ ಯಾವುದೆಂದು, ಗೋಡೌನಿನ ಗೋಡೆಯಲ್ಲೂ ಬೇರೆ ನುಸಿ ಇದೆಯೆಂದು ಹೇಳಿದೆ. ಅವಳು ಬಹಳ ಹೊತ್ತು ಲೆನ್ಸಿನಿಂದ ಕಣ್ಣು ತೆಗೆಯಲಿಲ್ಲ.

"ಹೊಸಾ ಕಂಬಳಿ ಹೊರಗ ಹೋಗೂ ಮೊದಲ ಒಂದು ರಾತ್ರಿ ದೇವರ ಕಂಬಳಿ ಮ್ಯಾಲ ಇಡ್ತೀವ್ರಿ. ಭಂಡಾರ ಹಚ್ಚಿ ಕಳಸೂದು. ಅಜ್ಜ ಮುತ್ತಜ್ಜನ ಕಾಲದಿಂದ ಬಂದದ್ದು."

"ಒಂದೇ ರಾತ್ರಿಗೆ ಇಷ್ಟು ಹತ್ತೂದಿಲ್ಲ."

"ಈ ಸಲ ಆ ಪುಣ್ಯಾತ್ಮ ಇವತ್ತು ಲಾರಿ, ನಾಳೆ ಲಾರಿ ಅಂತ ದಸರಾದಿಂದ ಸಂಕ್ರಮಣದ ತನಕ ಎಳದ್ರಿ. ಹೊರಗ ಇಟ್ರ ಇಲಿ, ಮಳಿ, ಕಳ್ಳರು. ದೇವರ ಮಡಿಲಾಗ ಇಟ್ರ ಯಾರು ಮುಟ್ತಾರ ಅಂತ ನಾನs ಇಡಿಸಿದೆ, ನಲವತ್ತೂ."

ಮೂರು ತಿಂಗಳು! ಅಷ್ಟರಲ್ಲಿ ತತ್ತಿ ಒಡೆದು, ಮರಿಹುಳ ಮೇಲೇರಿ, ಒಂದು ತಲೆಮಾರು ದಾಟಬಹುದು. ಅದಕ್ಕಿಂತ ಹೆಚ್ಚಾಗಿ, ಈ ನುಸಿಗೆ ತೊಳೆದ ಉಣ್ಣೆ ಅಷ್ಟು ಮೈಗೆ ಹತ್ತುವುದಿಲ್ಲ. ಬೆವರು, ಎಣ್ಣೆ, ಹಾಲು ಕುಡಿದ ಉಣ್ಣೆಯಲ್ಲೇ ಅದು ಬೆಳೆಯುತ್ತದೆ. ಹಾಲು ತುಪ್ಪ ಬಿದ್ದೂ ಬಿದ್ದೂ, ಎಂದೂ ತೊಳೆಯದ, ಝಾಡಿಸದ, ಬಿಸಿಲಿಗೆ ಹಾಕದ ಗದ್ದುಗೆಯ ಕಂಬಳಿ ಅದಕ್ಕೆ ಮದುವೆಯ ಊಟ.

"ಬಾಯಾರ," ಅಂದಳು ಸಣ್ಣಗೆ. "ಅವನ ಗೋಡೌನಿನ್ಯಾಗೂ ಹುಳ ಅದಾವ ಅಂದ್ರಿ. ಪಾರಿವಾಳದ ಮ್ಯಾಲ ಹಾಕಿಬಿಡ್ರಲ್ಲ. ಅವಕ್ಕೇನು ಮರ್ಯಾದಿ ಹೋಗಿ ಬರೂದೈತಿ?"

ಪ್ರಾಮಾಣಿಕವಾಗಿ ಹೇಳುತ್ತೇನೆ, ಮನಸ್ಸು ಅತ್ತ ವಾಲಿತು. ಸಹಿ ನನ್ನದು, ಟ್ಯೂಬು ನನ್ನದು. ಕೊಂಡಿಯ ತುದಿ ಸೀಳಿದೆಯೋ ಇಲ್ಲವೋ ಎಂದು ಕೇಳುವವರು ಈ ಮೂರು ತಾಲೂಕಿನಲ್ಲಿ ಇಲ್ಲ. ಆದರೆ ಪಾರಿವಾಳದ ಮೇಲೆ ಹಾಕಿದರೆ ಖೋಲಿಯ ನುಸಿ ಖೋಲಿಯಲ್ಲೇ ಉಳಿಯುತ್ತದೆ. ಬರುವ ವರ್ಷದ ಕಂಬಳಿಗೂ ಹತ್ತುತ್ತದೆ. ಅದನ್ನೇ ಹೇಳಿದೆ. ಮೊದಲು ನುಸಿ ಹೋಗಬೇಕು, ಕಾಗದ ಆಮೇಲೆ ಅಂದೆ.

ಮಾವ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು.

"ಕಿರಸ್ತಾನರ ಸಾಲಿ ಕಲ್ತಾಕಿ ಅಂತ ಕೇಳೀನಿ. ದೇವರ ಕಂಬಳಿ ಸುಡಾಕ ಬಂದೀರೇನು?"

"ಸುಡೂದಿಲ್ರಿ ಹಿರಿಯರ. ತೊಳಿಯೂದಿಲ್ಲ, ಝಾಡಸೂದಿಲ್ಲ, ಬಿಸಲಿಗೆ ಹಾಕೂದಿಲ್ಲ, ಹುಳದ ಎಣ್ಣಿ ಹೊಡಿಯೂದಿಲ್ಲ."

"ಮತ್ತೇನು, ಮಂತ್ರಾ ಹಾಕ್ತೀರಿ?"

"ಥಂಡಿ ಹಾಕ್ತೀನಿ."

ಮ್ಯೂಸಿಯಮ್ಮಿನಲ್ಲಿ ಮುಟ್ಟಿದರೆ ಉದುರುವ ಹಳೆಯ ಶಾಲುಗಳಿಗೆ ನಾವು ಮಾಡುತ್ತಿದ್ದದ್ದು ಅದೇ. ಬಿಳಿ ಅರಿವೆಯಲ್ಲಿ ಸುತ್ತಿ, ಪ್ಲಾಸ್ಟಿಕ್ಕಿನಲ್ಲಿ ಗಾಳಿ ಹೊರಗೆ ಒತ್ತಿ ಸೀಲ್ ಮಾಡಿ, ಡೀಪ್ ಫ್ರೀಜರಿನಲ್ಲಿ ವಾರಗಟ್ಟಲೆ ಇಡುವುದು. ರೋಣದಲ್ಲಿ ಡೀಪ್ ಫ್ರೀಜರ್ ಇದ್ದದ್ದು ನನ್ನ ಪರಿಚಯದ ಒಂದು ಹಾಲು, ಐಸ್‌ಕ್ರೀಮಿನ ಅಂಗಡಿಯಲ್ಲಿ. ಅದನ್ನು ಕೇಳಿ ಹಿರಿಯರಿಗೆ ಸಿಟ್ಟು ಬಂತು. ಅಂಗಡ್ಯಾಗ? ಕಂಡಕಂಡದ್ದರ ಜೋಡಿ? ನಾನು ಬಿಡದೆ ಹೇಳಿದೆ, ಅದರೊಳಗೆ ಹಾಲು, ಹಾಲಿನದ್ದು ಬಿಟ್ಟರೆ ಬೇರೇನೂ ಇಡುವುದಿಲ್ಲ. ಅವರು ಗಡ್ಡ ಸವರಿಕೊಂಡರು. ಕುರುಬರೆಂದರೆ ಹಾಲುಮತದವರು, ಹಾಲಿನ ಮಾತಿಗೆ ಸ್ವಲ್ಪ ಮೆತ್ತಗಾದರು.

"ನಾ ಜೋಡಿ ಕುಂಡ್ರತೀನಿ," ಅಂದರು. ಒಪ್ಪಿಗೆ ಅಂದರೆ ಅದೇ.

ಹಿರಿಯರೇ ಖೋಲಿಯೊಳಗೆ ಹೋಗಿ ಕಂಬಳಿಯನ್ನು ಮಡಿಸಿ ತಂದರು. ನಾನು ಹೊಸ್ತಿಲ ಹೊರಗೇ ನಿಂತು ಹೇಳಿದಂತೆ ಸುತ್ತಿ ಸೀಲ್ ಮಾಡಿದರು. ರೋಣದ ಅಂಗಡಿಯ ಮುಂದೆ ದಿನಾ ಬಂದು ಕೂತರು. ಅಂಗಡಿಯವನಿಗೆ ಚೇಷ್ಟೆ ಹೆಚ್ಚು. "ಅಜ್ಜಾರ, ನಿಮ್ಮ ದೇವರು ಇಷ್ಟು ಥಂಡಿ ತಡೀತಾನೇನ್ರಿ?"

"ಕಂಬಳಿ ಹೊಚಗೊಂಡs ಹೋಗ್ಯಾನಲೇ. ನಿನ್ನ ಚಿಂತಿ ನೀ ಮಾಡು."

ಐದನೆಯ ದಿನ ಮಧ್ಯಾಹ್ನ ಕರೆಂಟ್ ಹೋಗಿ ಸಂಜೆಗೆ ಬಂತು. ನಾನಿಟ್ಟ ಥರ್ಮಾಮೀಟರ್ ಸೊನ್ನೆಯ ಮೇಲೆ ಏರಿತ್ತು. ಥಂಡಿ ನಿಧಾನ ಇಳಿದು ಏರಿದರೆ ಈ ಹುಳ ಹೊಂದಿಕೊಂಡು ಬದುಕುವುದುಂಟು, ಆದ್ದರಿಂದ ಆ ಐದು ದಿನ ವ್ಯರ್ಥ. ಮತ್ತೆ ಒಂದರಿಂದ ಎಣಿಸಬೇಕು ಅಂದಾಗ ಹಿರಿಯರು ನನ್ನನ್ನು ದಿಟ್ಟಿಸಿದರು. "ನೀವು ಬೇಕಂತs ಎಳ್ಯಾಕ ಹತ್ತೀರಿ," ಅಂದರು. ಆದರೂ ಮರುದಿನ ಬಂದು ಕೂತರು. ಎರಡು ವಾರ ಥಂಡಿಯಲ್ಲಿ, ಆಮೇಲೆ ಸೀಲ್ ಒಡೆಯದೆ ಒಂದು ದಿನ ಹೊರಗೆ, ಉಳಿದ ತತ್ತಿಗಳಿಗಾಗಿ ಮತ್ತೆ ಒಂದು ವಾರ ಒಳಗೆ. ಅಷ್ಟರಲ್ಲಿ ಹೆಂಗಸರು ಖೋಲಿಯ ಸಂದುಗೊಂದು ಕೆರೆದು, ಸುಣ್ಣ ಬಳಿದಿದ್ದರು. ಕಂಬಳಿ ಮನೆಗೆ ಬಂದ ಮೇಲೆ ಅದರ ಕೆಳಗೆ ಬಿಳಿ ಕಾಗದ ಹಾಸಿದೆವು. ಎರಡು ವಾರ ಕಾಯ್ದೆ. ಹುಳದ ಹಿಕ್ಕೆಯ ಒಂದು ಕಾಳೂ ಬೀಳಲಿಲ್ಲ.

ಆಗ ಪತ್ರ ಬರೆದೆ, ನಾನೇ, ನನ್ನ ಕೈಯಿಂದ. ಕಂಬಳಿಗೆ ನುಸಿ ಹತ್ತಿದ್ದು ಹಳ್ಳಿಯಲ್ಲಿ, ಅದರ ಮೂಲ ಸಿಕ್ಕಿದೆ, ಅಳಿದಿದೆ. ಗೋಡೌನಿನಲ್ಲಿ ಬೇರೆ ಜಾತಿಯ ನುಸಿ ಇದೆ, ಅದು ಇನ್ನೂ ಅಳಿದಿಲ್ಲ. ಕಂಬಳಿಗಳನ್ನು ಬಿಸಿಲಲ್ಲಿ ಬಡಿದು ಒಂದೊಂದಾಗಿ ಆರಿಸಬೇಕು. ದೇವರ ವಿಷಯ ಬರೆಯಲಿಲ್ಲ, ಅದು ವಿಜ್ಞಾನಕ್ಕೆ ಬೇಕಿರಲಿಲ್ಲ.

ಪತ್ರ ಹಿಡಿದು ನರಗುಂದಕ್ಕೆ ಹೋದಾಗ ಅಧ್ಯಕ್ಷೆ ಮತ್ತು ಮೂವರು ಹೆಂಗಸರು ನನ್ನ ಜೊತೆ ಬಂದರು. ಮ್ಯಾನೇಜರ್ ಮೊದಲ ಸಾಲು ಓದಿ ಪತ್ರ ಮಡಿಸಿಬಿಟ್ಟ.

"ಉಳಿದದ್ದು ಬ್ಯಾಡ ಮೇಡಂ. ಒಂದs ಮಾತು ಹೇಳ್ರಿ. ನುಸಿ ಅವರ ಮನ್ಯಾಗ ಇತ್ತೋ, ಇಲ್ಲೋ?"

ನಾನು ಇಂಗ್ಲಿಷಿನಲ್ಲಿ ಏನೋ ಡಿಪ್ಲೊಮ್ಯಾಟಿಕ್ ವಾಕ್ಯ ಜೋಡಿಸತೊಡಗಿದ್ದೆ. ಅಧ್ಯಕ್ಷೆ ನನ್ನ ತೋಳು ಮುಟ್ಟಿ ಮುಂದೆ ಬಂದಳು.

"ಇತ್ತರೀ. ನಮ್ಮ ಮನ್ಯಾಗs ಇತ್ತು. ನೀವು ಮೂರು ತಿಂಗಳಾ ಲಾರಿ ಕಳಸಲಿಲ್ಲ, ನಾ ಇಡಬಾರದ ಕಡೆ ಇಟ್ಟೆ, ತಪ್ಪು ನಂದು. ಈಗ ನಮ್ಮ ಮನ್ಯಾಗ ಇಲ್ಲ, ನಿಮ್ಮ ಮನ್ಯಾಗ ಐತಿ. ಗೋಡೌನಿನ ಬಾಗಲಾ ತಗೀರಿ. ಇಲ್ಲಿ ಮತ್ಯಾರ್ಯಾರ ಮಾಲು ಐತಿ, ಅವರನ್ನೂ ಕರಸೂಣು. ಎಲ್ಲಾರೂ ಕೂಡಿ ನೋಡೂಣು."

ಮ್ಯಾನೇಜರ್ ಗೋಡೌನಿನ ಬಾಗಿಲ ಕಡೆ ನೋಡಿದ. ಇಳಕಲ್ಲಿನ ಸೀರೆ, ಗುಳೇದಗುಡ್ಡದ ಖಣ, ಎಲ್ಲೆಲ್ಲಿಯದೋ ಶಾಲು, ಯಾರ್ಯಾರದೋ ಮಾಲು ಆ ಗೋಡೌನಿನಲ್ಲಿತ್ತು. ರೇಷ್ಮೆ, ಹತ್ತಿಗೆ ಈ ನುಸಿ ಅಷ್ಟಾಗಿ ಬಾಯಿ ಹಾಕುವುದಿಲ್ಲ, ಉಣ್ಣೆಯ ಶಾಲು ಬಿಡುವುದಿಲ್ಲ. ಅದನ್ನು ನಾನು ಹೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ. ಅವನು ಮಡಿಸಿದ ಪತ್ರವನ್ನು ಬಿಚ್ಚಿ, ಉಳಿದ ಸಾಲುಗಳನ್ನೂ ನಿಂತಲ್ಲೇ ಓದಿದ.

ಕಂಬಳಿಗಳನ್ನು ಅವನ ಅಂಗಳದಲ್ಲೇ ಬಿಸಿಲಿಗೆ ಹರಡಿ, ಬಡಿಗೆಯಿಂದ ಬಡಿದು, ಒಂದೊಂದನ್ನೂ ಬೆಳಕಿಗೆ ಎತ್ತಿ ನೋಡಿದೆವು. ಮೂವತ್ತಮೂರು ಪಾಸಾದವು. ಏಳರಲ್ಲಿ ತೂತು. ಏಳನ್ನು ಬದಲಿ ಕೊಟ್ಟರೆ ಸಂಘದ ಹೆಸರು ಲಿಸ್ಟಿನಲ್ಲೇ ಉಳಿಯುತ್ತದೆ ಎಂದು ಅವನು ಬರೆದುಕೊಟ್ಟ. ಕೊಡುವಾಗ ನನ್ನ ಕಡೆ ನೋಡಿದ ನೋಟ ಅಷ್ಟು ಚಲೋ ಇರಲಿಲ್ಲ. ಆಮೇಲೆ ಅವನು ನನ್ನ ಮನೆಗೆ ಬಂದಿಲ್ಲ.

ಏಳು ಹೊತ್ತುಕೊಂಡು ಹಳ್ಳಿಗೆ ಬಂದಾಗ ಹಿರಿಯರು ಒಂದೊಂದನ್ನೂ ಬಿಡಿಸಿ ತೂತುಗಳಲ್ಲಿ ಬೆರಳು ಹಾಕಿ ನೋಡಿದರು. ಅಧ್ಯಕ್ಷೆ ತಲೆ ತಗ್ಗಿಸಿ ನಿಂತಿದ್ದಳು. ಹಿರಿಯರು ಎದ್ದು, ಗೋಡೆ ಹಿಡಿದು ನಿಧಾನವಾಗಿ ಮಗ್ಗದ ಕುಣಿಗೆ ಇಳಿದರು, ಕಾಲಿಂದ ತುಳಿಯುವ ಹಲಗೆ ಹುಡುಕಿದರು.

"ಎಂಟು ಕಂಬಳಿಗೆ ಆಗೂವಷ್ಟು ನೂಲು ತಗೀವಾ," ಅಂದರು ಸೊಸೆಗೆ.

"ಏಳs ಮಾವಾರ. ಅವ ಏಳs ಕೇಳ್ಯಾನ."

"ಅವ ಕೇಳಿದ್ದು ಏಳು," ಅಂದರು ಹಿರಿಯರು. "ಎಂಟನೇದು ಗದ್ದುಗಿಗೆ."